ಮರುನೋಟದ ಮೀಮಾಂಸೆ: ಮೂರು ಕನ್ನಡ ಚಲನಚಿತ್ರಗಳನ್ನು ಮತ್ತೆ ಮತ್ತೆ ನೋಡುವುದರ ಅರ್ಥ

1. ಪ್ರವೇಶ

ಒಂದು ಕೃತಿಯನ್ನು ಒಮ್ಮೆ ಓದಿ ಮುಗಿಸುವುದಕ್ಕೂ ಅದನ್ನು ಕಾಲಾಂತರದಲ್ಲಿ ಮತ್ತೆ ಮತ್ತೆ ಓದುವುದಕ್ಕೂ ಇರುವ ಅಂತರವನ್ನು ಸಾಹಿತ್ಯ ವಿಮರ್ಶೆ ಬಹುಕಾಲದಿಂದ ಗುರುತಿಸುತ್ತ ಬಂದಿದೆ. ಪಂಪ, ಕುಮಾರವ್ಯಾಸ, ವಚನಕಾರರು, ದಾಸರು ಇವರನ್ನು ಕುರಿತ ಕನ್ನಡ ವಿಮರ್ಶೆಯ ಬಹುಪಾಲು ಮರುಓದಿನ ಫಲವೇ ಆಗಿದೆ. ಪ್ರತಿಯೊಂದು ತಲೆಮಾರೂ ಅದೇ ಪಠ್ಯಕ್ಕೆ ಹಿಂದಿರುಗಿ ತನ್ನ ಕಾಲದ ಪ್ರಶ್ನೆಗಳನ್ನು ಅದರ ಮುಂದಿಟ್ಟಿದೆ. ಆದರೆ ಚಲನಚಿತ್ರದ ವಿಷಯದಲ್ಲಿ ಈ ಬಗೆಯ ವಿಚಾರ ಹೆಚ್ಚಾಗಿ ನಡೆದಿಲ್ಲ. ಒಂದೇ ಚಿತ್ರವನ್ನು ಹತ್ತಾರು ಬಾರಿ ನೋಡುವ ಪ್ರೇಕ್ಷಕನ ನಡವಳಿಕೆಯನ್ನು ತಾರಾಭಿಮಾನವೆಂದೋ, ಹಳೆಯ ದಿನಗಳ ಹಂಬಲವೆಂದೋ, ಕಾಲಹರಣವೆಂದೋ ಬದಿಗೆ ಸರಿಸುವುದೇ ವಾಡಿಕೆಯಾಗಿದೆ.

ಪ್ರಸ್ತುತ ಲೇಖನವು ಈ ನಡವಳಿಕೆಯನ್ನು ಅರ್ಥಗ್ರಹಣದ ಒಂದು ಕ್ರಮವೆಂದು ಭಾವಿಸಿ ಪರಿಶೀಲಿಸುತ್ತದೆ. ಕಥೆಯ ಅಂತ್ಯ ಮೊದಲೇ ತಿಳಿದಿರುವಾಗ ಚಿತ್ರದಲ್ಲಿ ಉಳಿಯುವುದೇನು? ಮರುನೋಟವನ್ನು ತಾಳಿಕೊಳ್ಳುವ ಶಕ್ತಿ ಕೆಲವು ಚಿತ್ರಗಳಿಗೆ ಮಾತ್ರ ಹೇಗೆ ಒದಗುತ್ತದೆ? ಮರುನೋಟದಲ್ಲಿ ಬದಲಾಗುವುದು ಚಿತ್ರವೋ, ನೋಡುವವನೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮೂರು ಚಿತ್ರಗಳನ್ನು ಆಯ್ದುಕೊಳ್ಳಲಾಗಿದೆ: ದೊರೈ-ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ (1971), ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ (1972) ಹಾಗೂ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಮೊದಲೆರಡು ಜನಪ್ರಿಯ ಧಾರೆಗೆ ಸೇರಿದವು. ಮೂರನೆಯದು ಹೊಸ ಅಲೆಯ ಚಿತ್ರ. ಈ ವರ್ಗೀಕರಣವನ್ನು ಮೀರಿ ಮೂರಕ್ಕೂ ಸಮಾನವಾದ ಗುಣವೊಂದಿದೆ. ಮೊದಲ ನೋಟಕ್ಕೆ ಒಂದು ಅರ್ಥವನ್ನು ಕೊಟ್ಟು, ಮರುನೋಟದಲ್ಲಿ ಆ ಅರ್ಥವನ್ನೇ ಪ್ರಶ್ನಿಸುವ ಗುಣವದು.

2. ತಿಳಿದ ಕಥೆಯ ಪರಂಪರೆ

ಕಥೆ ತಿಳಿದಿದ್ದರೆ ನೋಡುವ ಸ್ವಾರಸ್ಯ ಕೆಡುತ್ತದೆ ಎಂಬ ಭಾವನೆ ಭಾರತೀಯ ರಂಗಪರಂಪರೆಗೆ ಅಷ್ಟಾಗಿ ಪರಿಚಿತವಾದುದಲ್ಲ. ಭರತನ ನಾಟ್ಯಶಾಸ್ತ್ರವು ನಾಟಕಕ್ಕೆ ಪ್ರಖ್ಯಾತವಾದ ವಸ್ತುವಿರಬೇಕೆಂದು ವಿಧಿಸುತ್ತದೆ. ಎಂದರೆ ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತಿರುವುದು ನಾಟಕದ ಕೊರತೆಯಾಗದೆ ಅದರ ಲಕ್ಷಣವೇ ಆಗಿದೆ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸ ನಿಷ್ಪನ್ನವಾಗುತ್ತದೆಂಬ ಮೀಮಾಂಸೆಯಲ್ಲಿ ‘ಮುಂದೇನಾಗುವುದು’ ಎಂಬ ಕುತೂಹಲಕ್ಕೆ ಪ್ರಧಾನ ಸ್ಥಾನವಿಲ್ಲ. ಕಾವ್ಯದ ಸತತ ಅನುಶೀಲನದಿಂದ ಮನಸ್ಸೆಂಬ ಕನ್ನಡಿ ತಿಳಿಯಾದವನೇ ಸಹೃದಯನೆಂದು ಅಭಿನವಗುಪ್ತನು ವಿವರಿಸುವಲ್ಲಿ ಪುನರಾವರ್ತನೆಯ ಅಗತ್ಯವೂ ಸೂಚಿತವಾಗಿದೆ. ಒಂದೇ ನೋಟದಲ್ಲಿ ಯಾರೂ ಸಹೃದಯರಾಗುವುದಿಲ್ಲ.

ಕರ್ನಾಟಕದ ಜನಪದ ಹಾಗೂ ಶಿಷ್ಟ ಪ್ರದರ್ಶನ ಕಲೆಗಳಲ್ಲಿ ಈ ಮಾತಿಗೆ ಧಾರಾಳವಾದ ನಿದರ್ಶನಗಳಿವೆ. ಯಕ್ಷಗಾನದಲ್ಲಿ ಕರ್ಣಪರ್ವವನ್ನು ನೋಡಲು ಕುಳಿತವರಿಗೆ ಕರ್ಣ ಸಾಯುತ್ತಾನೆಂಬುದು ತಿಳಿಯದ ಸಂಗತಿಯಲ್ಲ. ಭಾಗವತರು ಆ ಪದ್ಯವನ್ನು ಹೇಗೆ ಎತ್ತುತ್ತಾರೆ, ವೇಷಧಾರಿ ಅರ್ಥವನ್ನು ಹೇಗೆ ಬೆಳೆಸುತ್ತಾನೆ ಎಂಬುದೇ ಅವರ ನಿರೀಕ್ಷೆ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಗೊತ್ತಿರುವ ಪ್ರಸಂಗದ ಮೇಲೆ ಆ ರಾತ್ರಿ ಹುಟ್ಟುವ ಮಾತೇ ಸರ್ವಸ್ವ. ಗಮಕ ಮತ್ತು ಹರಿಕಥೆಗಳ ಸ್ಥಿತಿಯೂ ಇದೇ.

ಆದರೆ ಈ ಪರಂಪರೆಗೂ ಚಲನಚಿತ್ರಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಯಕ್ಷಗಾನದಲ್ಲಿ ಪ್ರೇಕ್ಷಕ ಮರಳಿ ಬರುವುದು ಬದಲಾಗುವ ಪ್ರದರ್ಶನಕ್ಕೆ; ನಿನ್ನೆಯ ಕರ್ಣನೇ ಇಂದಿನ ಕರ್ಣನಲ್ಲ. ಚಲನಚಿತ್ರದಲ್ಲಾದರೋ ನಟನ ಧ್ವನಿ, ಕಣ್ಣಿನ ಚಲನೆ, ಬೆಳಕಿನ ಕೋನ ಎಲ್ಲವೂ ಒಮ್ಮೆ ಮುದ್ರಿತವಾಗಿ ಸ್ಥಿರಗೊಂಡಿವೆ. ಕ್ಷಣಕ್ಕೆ 24 ಚೌಕಟ್ಟುಗಳಂತೆ ಓಡುವ ಆ ಚಿತ್ರಮಾಲೆ ನೂರನೆಯ ಪ್ರದರ್ಶನದಲ್ಲೂ ಮೊದಲ ಪ್ರದರ್ಶನದ ಕ್ರಮವನ್ನೇ ಅನುಸರಿಸುತ್ತದೆ. ಹಾಗಿದ್ದೂ ಹೊಸ ಅರ್ಥ ಹೊಳೆಯುವುದಾದರೆ ಆ ಹೊಸತನ ನೋಡುವವನ ಕಡೆಯಿಂದಲೇ ಬರಬೇಕು. ರಂಗಕಲೆಯಲ್ಲಿ ಪ್ರದರ್ಶನ ಬದಲಾಗುತ್ತದೆ; ಚಲನಚಿತ್ರದಲ್ಲಿ ಪ್ರೇಕ್ಷಕ ಬದಲಾಗುತ್ತಾನೆ. ಆದ್ದರಿಂದ ಮರುನೋಟವು ಪ್ರೇಕ್ಷಕನು ತನ್ನ ಬದಲಾವಣೆಯನ್ನು ಅಳೆದುಕೊಳ್ಳುವ ಒಂದು ಮಾನದಂಡವೂ ಆಗುತ್ತದೆ. ಈ ಅಳತೆಗೆ ಒದಗಬಲ್ಲ ಚಿತ್ರಗಳು ಯಾವುವೆಂಬುದೇ ಮುಂದಿನ ಚರ್ಚೆಯ ವಿಷಯ.

3. ಕಸ್ತೂರಿ ನಿವಾಸ: ಮುಂದರಿವು ಮತ್ತು ಕರುಣ

‘ಕಸ್ತೂರಿ ನಿವಾಸ’ದ ನಾಯಕ ರವಿವರ್ಮ ಬೆಂಕಿಪೊಟ್ಟಣದ ಉದ್ಯಮಿ. ಕೊಡುವುದೇ ಮನೆತನದ ಧರ್ಮವೆಂದು ನಂಬಿದವನು. ಅವನ ಆಶ್ರಯದಲ್ಲಿ ಬೆಳೆದ ಚಂದ್ರು ಪ್ರತಿಸ್ಪರ್ಧಿಯಾಗಿ ನಿಲ್ಲುತ್ತಾನೆ. ರವಿವರ್ಮನ ಮನಸ್ಸಿನಲ್ಲಿದ್ದ ನೀಲಾ ಚಂದ್ರುವಿನ ಕೈಹಿಡಿಯುತ್ತಾಳೆ. ಉದ್ಯಮ, ಸಂಪತ್ತು, ಕೊನೆಗೆ ಮನೆಯೂ ಕೈಬಿಟ್ಟುಹೋಗುತ್ತವೆ. ಅಂತ್ಯದಲ್ಲಿ ಮನೆಗೆ ಬಂದ ನೀಲಾಳಿಗೆ ಊಟ ಬಡಿಸಲು ರವಿವರ್ಮ ತನ್ನಲ್ಲಿ ಉಳಿದಿದ್ದ ಪಾರಿವಾಳವನ್ನೂ ಮಾರುತ್ತಾನೆ. ಊಟವಾದ ಮೇಲೆ ನೀಲಾ ತಾನು ಬಂದ ಕಾರಣವನ್ನು ತಿಳಿಸುತ್ತಾಳೆ: ಅವಳ ಮಗುವಿಗೆ ಬೇಕಾಗಿರುವುದು ಅದೇ ಪಾರಿವಾಳ. ಕೇಳಿದವರಿಗೆ ಇಲ್ಲವೆನ್ನದ ಕೈ ಮೊದಲ ಬಾರಿಗೆ ಬರಿದಾಗಿ ನಿಲ್ಲುವ ಈ ಕ್ಷಣವೇ ಅವನ ಜೀವನದ ಕೊನೆಯ ಕ್ಷಣವೂ ಆಗುತ್ತದೆ.

ಮೊದಲ ನೋಟದಲ್ಲಿ ಈ ಅಂತ್ಯ ಆಘಾತವಾಗಿ ಬಂದೆರಗುತ್ತದೆ. ಪಾರಿವಾಳದ ಮಾತು ನೀಲಾಳ ಬಾಯಿಂದ ಹೊರಬೀಳುವವರೆಗೆ ಪ್ರೇಕ್ಷಕನ ತಿಳಿವಳಿಕೆ ಪಾತ್ರಗಳ ತಿಳಿವಳಿಕೆಗಿಂತ ಹೆಚ್ಚಿನದಲ್ಲ. ಮರುನೋಟದಲ್ಲಿ ಸ್ಥಿತಿ ತಲೆಕೆಳಗಾಗುತ್ತದೆ. ಪಾರಿವಾಳ ತೆರೆಯ ಮೇಲೆ ಮೊದಲು ಕಾಣಿಸಿಕೊಂಡಾಗಲೇ ಅದರ ವಿಧಿ ಪ್ರೇಕ್ಷಕನಿಗೆ ಗೊತ್ತು. ಮೊದಲು ಮುದ್ದಾಗಿ ಕಂಡಿದ್ದ ಹಕ್ಕಿ ಈಗ ಋಣಪತ್ರದಂತೆ ಕಾಣುತ್ತದೆ. ಚಿತ್ರದ ಪೂರ್ವಾರ್ಧದ ಒಂದೊಂದು ಔದಾರ್ಯದ ದೃಶ್ಯವೂ, ನಾಯಕನ ಒಂದೊಂದು ನಗೆಯೂ ಆ ಕೊನೆಯ ಊಟದ ಎಲೆಯ ಕಡೆಗೆ ಸಾಗುವ ಹೆಜ್ಜೆಯಾಗಿ ತೋರುತ್ತದೆ. ಆಘಾತದ ಸ್ಥಾನವನ್ನು ಕರುಣ ಆಕ್ರಮಿಸುವುದು ಹೀಗೆ. ಕುತೂಹಲವು ದೃಷ್ಟಿಯನ್ನು ಮುಂದಿನ ಘಟನೆಯ ಕಡೆಗೆ ಎಳೆಯುತ್ತದೆ. ಮುಂದರಿವು ದೃಷ್ಟಿಯನ್ನು ಈಗಿನ ಕ್ಷಣದ ಮೇಲೆ ನಿಲ್ಲಿಸುತ್ತದೆ.

ಗಮನಾರ್ಹವಾದ ಸಂಗತಿಯೆಂದರೆ ಚಿತ್ರವು ತನ್ನ ಒಡಲಲ್ಲಿಯೇ ಮರುನೋಟದ ಪಾಠವೊಂದನ್ನು ಇರಿಸಿಕೊಂಡಿದೆ. ಎಷ್ಟು ಸಲ ಉರುಳಿಸಿದರೂ ಮತ್ತೆ ಎದ್ದು ನಿಲ್ಲುವ ಗೊಂಬೆಯನ್ನು ಕುರಿತ ಹಾಡು ಚಿತ್ರದಲ್ಲಿ ಎರಡು ಬಾರಿ ಬರುತ್ತದೆ. ಜಿ.ಕೆ. ವೆಂಕಟೇಶ್ ಅವರ ಸಂಗೀತ, ಪಿ.ಬಿ. ಶ್ರೀನಿವಾಸ್ ಅವರ ಕಂಠ ಎರಡರಲ್ಲೂ ಇವೆ, ಗೊಂಬೆಯೂ ಅದೇ. ಒಮ್ಮೆ ಅದು ಸಂತೋಷದ ಹಾಡು, ಇನ್ನೊಮ್ಮೆ ವಿಷಾದದ ಹಾಡು. ವಸ್ತು ಬದಲಾಗದೆ ನೋಡುವವನ ಸ್ಥಿತಿ ಬದಲಾದಾಗ ಅರ್ಥ ಹೇಗೆ ತಿರುಗುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಾಗಿಲ್ಲ.

ಮೂರನೆಯ, ನಾಲ್ಕನೆಯ ನೋಟದಲ್ಲಿ ಮತ್ತೊಂದು ಪ್ರಶ್ನೆ ತಲೆಯೆತ್ತುತ್ತದೆ. ರವಿವರ್ಮನ ದಾನಶೀಲತೆ ನಿಷ್ಕಳಂಕವಾದ ಗುಣವೇ, ಅಥವಾ ಅದರೊಳಗೆ ಅಹಂಕಾರದ ಎಳೆಯೂ ಇದೆಯೇ? ಅವನು ಕೊಡಬಲ್ಲ; ಕೇಳಲಾರ. ಎಲ್ಲರನ್ನೂ ಋಣದಲ್ಲಿರಿಸಬಲ್ಲ, ತಾನು ಯಾರಿಗೂ ಋಣಿಯಾಗಲಾರ. ಕೊಡುವ ಕೈ ಸದಾ ಮೇಲಿರಬೇಕೆಂಬ ಹಟವೇ ಅವನ ದುರಂತದ ಬೀಜವಾಗಿರಬಹುದು. ಮೊದಲ ನೋಟ ಆದರ್ಶವನ್ನು ಕಾಣಿಸಿದರೆ ನಂತರದ ನೋಟಗಳು ಆದರ್ಶದ ಬೆಲೆಯನ್ನು ಕಾಣಿಸುತ್ತವೆ. ಈ ಕಥೆ ತಮಿಳಿನಲ್ಲಿ ‘ಅವನ್‌ದಾನ್ ಮನಿದನ್’ (1975) ಎಂಬ ಹೆಸರಿನಲ್ಲಿ ಶಿವಾಜಿ ಗಣೇಶನ್ ಅವರ ಅಭಿನಯದೊಂದಿಗೆ ಮತ್ತೆ ಚಿತ್ರವಾಯಿತು. ಒಂದೇ ಕಥೆಯನ್ನು ಬೇರೆ ನಟನಲ್ಲಿ, ಬೇರೆ ಭಾಷೆಯಲ್ಲಿ ಮತ್ತೆ ಕಾಣಬೇಕೆಂಬ ಬಯಕೆಯೂ ಮರುನೋಟದ ಇನ್ನೊಂದು ರೂಪವೇ ಸರಿ.

4. ಬಂಗಾರದ ಮನುಷ್ಯ: ಗುಟ್ಟು ಮತ್ತು ತೀರ್ಪು

ಟಿ.ಕೆ. ರಾಮರಾವ್ ಅವರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಪ್ರದರ್ಶನ ಕಂಡಿತು. ಈ ಚಿತ್ರಮಂದಿರ ಮುಂದೆ ‘ಭೂಮಿಕಾ’ ಎಂದು ಹೆಸರಾಯಿತು. ಇಷ್ಟು ದೀರ್ಘವಾದ ಪ್ರದರ್ಶನವನ್ನು ಕೇವಲ ಹೊಸ ಪ್ರೇಕ್ಷಕರಿಂದ ವಿವರಿಸಲಾಗದು. ಮರಳಿ ಮರಳಿ ಬಂದವರ ಪಾಲೂ ಅದರಲ್ಲಿದೆ. ಪೇಟೆಯಲ್ಲಿದ್ದ ಯುವಕರು ಈ ಚಿತ್ರವನ್ನು ನೋಡಿ ಬೇಸಾಯಕ್ಕೆ ಮರಳಿದರೆಂಬ ಮಾತೂ ಜನಜನಿತವಾಗಿದೆ. ಅದರ ಸತ್ಯಾಸತ್ಯತೆ ಏನೇ ಇರಲಿ, ಚಿತ್ರದ ನೈತಿಕ ಪ್ರಭಾವವನ್ನು ಸಮಾಜ ಹೇಗೆ ನೆನಪಿಟ್ಟುಕೊಂಡಿದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಕಥಾನಾಯಕ ರಾಜೀವ ಭಾವನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಆಸರೆಯಾಗಲು ಹಳ್ಳಿಯಲ್ಲಿ ನೆಲೆಸುತ್ತಾನೆ. ಕಲ್ಲುಭೂಮಿಯನ್ನು ಹಸನುಮಾಡಿ ಬೇಸಾಯದಲ್ಲಿ ಏಳಿಗೆ ಹೊಂದುತ್ತಾನೆ. ಅಕ್ಕನ ಮಕ್ಕಳನ್ನು ಮುಂದೆ ತರುತ್ತಾನೆ. ಪತ್ನಿ ಲಕ್ಷ್ಮಿಯ ಅಕಾಲ ಮರಣದ ದುಃಖವನ್ನೂ ನುಂಗಿಕೊಳ್ಳುತ್ತಾನೆ. ಆದರೆ ಆತ ಗುಟ್ಟಾಗಿ ಒಬ್ಬ ಹೆಂಗಸಿಗೆ ಹಣ ಕೊಡುತ್ತಿರುವ ಸಂಗತಿ ಅಕ್ಕನ ಮಗ ಕೇಶವನಿಗೆ ಅಸ್ತ್ರವಾಗುತ್ತದೆ. ಅವಮಾನಿತನಾದ ರಾಜೀವ ಊಟದ ನಡುವೆಯೇ ಎದ್ದು ಮನೆಯನ್ನೂ ಊರನ್ನೂ ತೊರೆಯುತ್ತಾನೆ. ಆ ಹೆಂಗಸು ಮೃತ ಭಾವನ ಇನ್ನೊಂದು ಸಂಸಾರಕ್ಕೆ ಸೇರಿದವಳೆಂಬ ನಿಜವನ್ನು ರಾಚೂಟಪ್ಪ ಬಯಲುಮಾಡುವ ವೇಳೆಗೆ ಕಾಲ ಮಿಂಚಿರುತ್ತದೆ.

ಇಲ್ಲಿ ಮರುನೋಟದ ಕ್ರಿಯೆ ‘ಕಸ್ತೂರಿ ನಿವಾಸ’ಕ್ಕಿಂತ ಭಿನ್ನವಾಗಿದೆ. ಅಲ್ಲಿ ಪ್ರೇಕ್ಷಕ ತಿಳಿದಿರುವುದು ಮುಂದೆ ಒದಗಲಿರುವ ವಿಧಿಯನ್ನು. ಇಲ್ಲಿ ತಿಳಿದಿರುವುದು ಎಲ್ಲರಿಂದ ಮುಚ್ಚಿಟ್ಟ ಒಂದು ಸತ್ಯವನ್ನು. ಮನೆಯವರಿಗೆ ಈ ಗುಟ್ಟು ತಿಳಿಯುವುದು ಕೊನೆಯಲ್ಲಿ; ಮರುನೋಡುಗನಿಗಾದರೋ ಮೊದಲ ದೃಶ್ಯದಿಂದಲೇ ತಿಳಿದಿರುತ್ತದೆ. ಬಾಲಕೃಷ್ಣ ಅವರು ಅಭಿನಯಿಸಿದ ರಾಚೂಟಪ್ಪನ ಪಾತ್ರ ಮೊದಲ ನೋಟದಲ್ಲಿ ಹಾಸ್ಯ ಮತ್ತು ವ್ಯವಹಾರಜ್ಞಾನ ಬೆರೆತ ಪೋಷಕ ಪಾತ್ರವಾಗಿ ಕಂಡರೆ, ಮರುನೋಟದಲ್ಲಿ ನಿಜವನ್ನು ಬಲ್ಲ ಸಾಕ್ಷಿಯ ಗಾಂಭೀರ್ಯವನ್ನು ತಾಳುತ್ತದೆ. ಪ್ರೇಕ್ಷಕನೂ ಆತನ ಪಕ್ಕದಲ್ಲಿ ನಿಂತ ಇನ್ನೊಬ್ಬ ಸಾಕ್ಷಿಯಾಗುತ್ತಾನೆ. ನಿಜ ಗೊತ್ತಿದ್ದೂ ಹೇಳಲಾರದ ಸಂಕಟ ತೆರೆಯಿಂದ ಇಳಿದು ಪ್ರೇಕ್ಷಕನದೇ ಆಗುತ್ತದೆ. ಊಟದ ದೃಶ್ಯ ಪ್ರತಿ ಬಾರಿಯೂ ಅಷ್ಟೇ ತೀವ್ರವಾಗಿ ತಟ್ಟುವುದಕ್ಕೆ ಕಾರಣವಿದು. ಅಲ್ಲಿ ಹೊಸದಾಗಿ ತಿಳಿಯುವುದು ಏನೂ ಇಲ್ಲ, ತಡೆಯಲಾಗದಿರುವುದಷ್ಟೇ ಇದೆ.

ಕೇಶವನ ಪಾತ್ರವನ್ನೂ ಮರುನೋಟ ಬೇರೆಯಾಗಿ ಕಾಣಿಸುತ್ತದೆ. ವಜ್ರಮುನಿಯವರ ಅಭಿನಯದ ಈ ಪಾತ್ರವನ್ನು ಮೊದಲು ಕೃತಘ್ನನೆಂದು ತಿರಸ್ಕರಿಸುವುದು ಸುಲಭ. ಆದರೆ ಅವನಿಗೆ ದೊರೆತಿರುವ ಸಾಕ್ಷ್ಯ ಎಂಥದು? ಸೋದರಮಾವ ಗುಟ್ಟಾಗಿ ಒಬ್ಬಳಿಗೆ ಹಣ ಕೊಡುತ್ತಿದ್ದಾನೆ, ಕಾರಣವನ್ನು ಹೇಳುತ್ತಿಲ್ಲ. ಕೇಶವನ ಅಪರಾಧ ಸಂಶಯಪಟ್ಟದ್ದಕ್ಕಿಂತ ಹೆಚ್ಚಾಗಿ, ವರ್ಷಗಟ್ಟಲೆ ಕಣ್ಣೆದುರಿಗಿದ್ದ ದುಡಿಮೆಗಿಂತ ಒಂದು ಸಂಶಯವನ್ನು ದೊಡ್ಡದೆಂದು ತೂಗಿದ್ದರಲ್ಲಿದೆ. ಅರೆಬರೆ ಸಾಕ್ಷ್ಯದ ಮೇಲೆ ಅವಸರದ ತೀರ್ಪು ಕೊಡುವುದು ಯಾವ ಮನೆಯಲ್ಲೂ ನಡೆಯಬಹುದಾದದ್ದು. ಈ ಅರಿವಿನಿಂದ ಕೇಶವ ಖಳನಾಯಕನ ಸ್ಥಾನದಿಂದ ಇಳಿದು ಪರಿಚಿತ ಮನುಷ್ಯನಾಗುತ್ತಾನೆ.

ಇನ್ನೂ ಮುಂದಿನ ನೋಟವೊಂದಿದೆ. ಅದು ಚಿತ್ರದ ಆದರ್ಶವನ್ನೇ ಪ್ರಶ್ನಿಸುತ್ತದೆ. ರಾಜೀವ ಗುಟ್ಟನ್ನು ಕಾಯುವುದು ಯಾರ ಮಾನಕ್ಕಾಗಿ? ಸತ್ತ ಭಾವನ ಮಾನಕ್ಕಾಗಿ, ಅಕ್ಕನ ನೆಮ್ಮದಿಗಾಗಿ. ಆ ಮೌನದ ಬೆಲೆಯನ್ನು ತೆರುವವರು ಇಬ್ಬರು. ಒಬ್ಬ ರಾಜೀವ, ಅವನಿಗೆ ಬಂಗಾರದ ಮನುಷ್ಯನೆಂಬ ಹೆಸರಾದರೂ ದಕ್ಕುತ್ತದೆ. ಇನ್ನೊಬ್ಬಳು ಆ ಹೆಂಗಸು. ಸಮಾಜದ ಕಣ್ಣಿಗೆ ಅವಳು ಸಂಶಯದ ವಸ್ತುವಾಗಿಯೇ ಉಳಿಯಬೇಕು. ತನ್ನ ಬದುಕನ್ನು ತಾನೇ ಹೇಳಿಕೊಳ್ಳುವ ಅವಕಾಶ ಅವಳಿಗೆ ಹೆಚ್ಚಾಗಿ ಇಲ್ಲ. 1972ರ ಪ್ರೇಕ್ಷಕನಿಗೆ ಈ ಪ್ರಶ್ನೆ ಅಷ್ಟಾಗಿ ಕಾಡಿರಲಿಕ್ಕಿಲ್ಲ. ಸ್ತ್ರೀವಾದಿ ಚಿಂತನೆಯ ಪರಿಚಯವಿರುವ ಇಂದಿನ ಪ್ರೇಕ್ಷಕನನ್ನು ಕಾಡದೆ ಬಿಡುವುದಿಲ್ಲ. ಇದರಿಂದ ಚಿತ್ರದ ಹಿರಿಮೆ ಕುಗ್ಗುವುದಿಲ್ಲ. ತಾನು ಉದ್ದೇಶಿಸದ ಪ್ರಶ್ನೆಗೂ ಎಡೆಮಾಡಿಕೊಡುವಷ್ಟು ಸಾಂದ್ರವಾದ ಲೋಕವನ್ನು ಅದು ಕಟ್ಟಿದೆಯೆಂಬುದೇ ಇದರ ತಾತ್ಪರ್ಯ.

5. ಘಟಶ್ರಾದ್ಧ: ಕಣ್ಣು ಬದಲಾಗುವ ಬಗೆ

ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’ 1977ನೆಯ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವನ್ನು ಪಡೆಯಿತು. ಬಿ.ವಿ. ಕಾರಂತರ ಸಂಗೀತಕ್ಕೂ, ನಾಣಿಯ ಪಾತ್ರದ ಬಾಲನಟ ಅಜಿತ್ ಕುಮಾರ್ ಅವರಿಗೂ ಅದೇ ಸಾಲಿನ ರಾಷ್ಟ್ರಪ್ರಶಸ್ತಿಗಳು ದೊರೆತವು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಚಿತ್ರದ ಅರ್ಥದಿಂದ ಬೇರ್ಪಡಿಸಲಾಗದಂಥದು.

ವೇದಾಧ್ಯಯನಕ್ಕೆಂದು ಉಡುಪರ ಮನೆಗೆ ಬಂದು ಸೇರುವ ಬಾಲಕ ನಾಣಿಗೆ ಅಲ್ಲಿ ಅಕ್ಕರೆ ತೋರುವವಳು ಉಡುಪರ ವಿಧವೆ ಮಗಳು ಯಮುನಾ. ಊರಿನ ಶಾಲಾಮಾಸ್ತರನ ಸಂಬಂಧದಿಂದ ಆಕೆ ಗರ್ಭಿಣಿಯಾಗುತ್ತಾಳೆ, ಗರ್ಭಪಾತಕ್ಕೆ ಒಳಗಾಗುತ್ತಾಳೆ. ಅಗ್ರಹಾರ ಅವಳನ್ನು ಬಹಿಷ್ಕರಿಸುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನಾಳನ್ನು, ತಂದೆಯೊಂದಿಗೆ ಊರಿಗೆ ಮರಳುತ್ತಿರುವ ನಾಣಿ ಕಾಣುತ್ತಾನೆ.

ಚಿತ್ರದ ಬಹುಭಾಗ ನಾಣಿಯ ಅರಿವಿನ ಮಿತಿಯೊಳಗೆ ಸಾಗುತ್ತದೆ. ಅವನಿಗೆ ಕಾಣುವುದು ಬಾಗಿಲ ಸಂದಿನ ಬೆಳಕು, ದೊಡ್ಡವರ ಪಿಸುಮಾತು, ಯಮುನಕ್ಕನ ಬಾಡಿದ ಮುಖ, ಹಿರಿಯ ವಿದ್ಯಾರ್ಥಿಗಳ ಕುಹಕ. ಕಾರಣ ತಿಳಿಯದೆ ಪರಿಣಾಮಗಳನ್ನಷ್ಟೇ ಕಾಣುವ ಕಣ್ಣದು. ಮೊದಲ ಬಾರಿಗೆ ನೋಡುವವನು ಸ್ವಲ್ಪ ಮಟ್ಟಿಗೆ ನಾಣಿಯೇ ಆಗಿರುತ್ತಾನೆ. ಏನೋ ಅನಾಹುತ ನಡೆಯುತ್ತಿದೆಯೆಂಬ ಭಯ ಅವನನ್ನೂ ಆವರಿಸುತ್ತದೆ.

ಮರುನೋಟದಲ್ಲಿ ಪ್ರೇಕ್ಷಕ ನಾಣಿಯ ಕಣ್ಣಿನಿಂದ ಹೊರಬರುತ್ತಾನೆ. ನಾಣಿ ನೋಡುತ್ತಿರುವ ಅದೇ ದೃಶ್ಯದಲ್ಲಿ ಈಗ ಕಾಣುವವಳು ಯಮುನಾ. ಮೀನಾ ಕುಟ್ಟಪ್ಪ ಅವರ ಮಿತವಾದ ಅಭಿನಯ ತನ್ನ ಪೂರ್ಣ ಅರ್ಥವನ್ನು ಬಿಟ್ಟುಕೊಡುವುದು ಈ ಹಂತದಲ್ಲೇ. ಮಗುವಿನೆದುರು ನಗಲೇಬೇಕಾದ ಒತ್ತಾಯ, ಸಂಜೆ ಹೊರಹೊರಟಾಗ ಅವನ ಕೈಯನ್ನು ಹಿಡಿದುಕೊಳ್ಳುವ ಬಗೆ, ಮಾತನ್ನು ಅರ್ಧಕ್ಕೆ ನಿಲ್ಲಿಸುವ ರೀತಿ ಇವೆಲ್ಲ ಮೊದಲು ವಾತ್ಸಲ್ಯವೆಂದಷ್ಟೇ ಕಂಡಿದ್ದವು. ಈಗ ಅವುಗಳಲ್ಲಿ ಒಂಟಿ ಹೆಂಗಸಿನ ಭಯವೂ ಕಾಣುತ್ತದೆ. ಮಗುವಿಗೆ ಅವಳು ಆಸರೆಯಾಗಿದ್ದಂತೆಯೇ ಅವಳಿಗೂ ಆ ಮಗು ಆಸರೆಯಾಗಿತ್ತೆಂಬುದು ಮರುನೋಟದ ಶೋಧ. ಆ ಅರಿವಿನೊಂದಿಗೆ ಕೊನೆಯ ದೃಶ್ಯದ ಅರ್ಥವೂ ಬದಲಾಗುತ್ತದೆ. ಮೊದಲು ಅದು ಮಗುವೊಂದು ತನ್ನ ಪ್ರೀತಿಯ ಅಕ್ಕನನ್ನು ಕಳೆದುಕೊಳ್ಳುವ ದೃಶ್ಯ. ನಂತರ ಅದು ಹೆಣ್ಣೊಬ್ಬಳು ತನ್ನ ಕೊನೆಯ ಸಂಗಾತಿಯನ್ನೂ ಕಳೆದುಕೊಳ್ಳುವ ದೃಶ್ಯ. ಚೌಕಟ್ಟುಗಳು ಅವೇ. ನೋವಿನ ಕೇಂದ್ರ ಮಾತ್ರ ಸ್ಥಳಾಂತರಗೊಂಡಿದೆ.

ಮತ್ತೆ ನೋಡಿದಾಗ ಮೂರನೆಯ ವ್ಯಕ್ತಿಯೊಬ್ಬ ಮುನ್ನೆಲೆಗೆ ಬರುತ್ತಾನೆ: ಉಡುಪ. ಮಗಳ ಮೇಲಿನ ಮಮತೆ ಮತ್ತು ಅಗ್ರಹಾರದ ವಿಧಿ ಇವೆರಡರ ನಡುವೆ ಸಿಕ್ಕಿದ ಆತ ವಿಧಿಯನ್ನೇ ಆಯ್ದುಕೊಳ್ಳುತ್ತಾನೆ. ಶ್ರಾದ್ಧದ ಕ್ರಿಯೆಯನ್ನು ಚಿತ್ರ ನಿಧಾನವಾಗಿ, ವಿವರವಾಗಿ ತೋರಿಸುತ್ತದೆ. ಮೊದಲ ನೋಟದಲ್ಲಿ ಈ ನಿಧಾನ ಭಾರವೆನಿಸಬಹುದು. ಮರುನೋಟದಲ್ಲಿ ಅದರ ಅಗತ್ಯ ಮನದಟ್ಟಾಗುತ್ತದೆ. ಕ್ರೌರ್ಯ ಇಲ್ಲಿ ಕೋಪದಿಂದ ಹುಟ್ಟಿದ್ದಲ್ಲ. ಕ್ರಮಬದ್ಧವಾಗಿ, ಶಾಸ್ತ್ರೋಕ್ತವಾಗಿ ನಡೆಯುವಂಥದು. ಒಂದು ಸಮುದಾಯ ತನ್ನವಳೊಬ್ಬಳನ್ನು ಸತ್ತವಳೆಂದು ಘೋಷಿಸಲು ಎಷ್ಟು ಶಿಸ್ತಿನಿಂದ ಸಿದ್ಧವಾಗುತ್ತದೆಂಬುದನ್ನು ಆ ನಿಧಾನವೇ ಹೇಳಬಲ್ಲದು.

6. ಮರುನೋಟದ ಮಾಧ್ಯಮಗಳು

ಮರುನೋಟಕ್ಕೆ ಒಂದು ಭೌತಿಕ ಚರಿತ್ರೆಯೂ ಇದೆ. ಇದನ್ನು ಗಮನಿಸದಿದ್ದರೆ ‘ಅದೇ ಚಿತ್ರ’ ಎಂಬ ಮಾತಿನ ಅರ್ಥ ಪೂರ್ಣವಾಗುವುದಿಲ್ಲ. ಸೆಲ್ಯುಲಾಯ್ಡ್ ಯುಗದಲ್ಲಿ ಚಿತ್ರವೆಂದರೆ ಡಬ್ಬಿಗಳಲ್ಲಿ ಊರಿಂದೂರಿಗೆ ಸಾಗುವ ಸುರುಳಿಗಳ ಸರಣಿ. ಸಾವಿರ ಅಡಿಯ 35 ಮಿ.ಮೀ. ಸುರುಳಿಯೊಂದು ಸುಮಾರು 11 ನಿಮಿಷ ಓಡುತ್ತಿತ್ತು. ನಗರದಲ್ಲಿ ಮೊದಲ ಓಟ ಮುಗಿಸಿದ ಪ್ರತಿಗಳು ಸಣ್ಣ ಊರುಗಳಿಗೂ ಟೂರಿಂಗ್ ಟಾಕೀಸುಗಳಿಗೂ ತಲುಪುವ ಹೊತ್ತಿಗೆ ಗೀರು ಬಿದ್ದು, ಕೆಲವೆಡೆ ಹರಿದು, ಅಂಟಿಸಲ್ಪಟ್ಟಿರುತ್ತಿದ್ದವು. ಹೀಗಾಗಿ ಹಳ್ಳಿಯ ಪ್ರೇಕ್ಷಕ ಕಂಡ ಚಿತ್ರ ಪೇಟೆಯ ಪ್ರೇಕ್ಷಕ ಕಂಡದ್ದರ ಯಥಾಪ್ರತಿಯಾಗಿರಲಿಲ್ಲ. ಹಸ್ತಪ್ರತಿಗಳಲ್ಲಿ ಪಾಠಾಂತರಗಳಿರುವಂತೆ ಚಿತ್ರಪ್ರತಿಗಳಲ್ಲೂ ಒಂದು ಬಗೆಯ ಪಾಠಾಂತರಗಳಿದ್ದವು.

1980ರ ದಶಕದಲ್ಲಿ ಬೆಂಗಳೂರು ದೂರದರ್ಶನವೂ, ವಿಡಿಯೋ ಕ್ಯಾಸೆಟ್ಟೂ, 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳೂ ಮರುನೋಟವನ್ನು ಮನೆಯೊಳಕ್ಕೆ ತಂದವು. ಚಿತ್ರಮಂದಿರದ ಮರುಬಿಡುಗಡೆಗಾಗಿ ಕಾಯುವ ಅಗತ್ಯ ಕಡಿಮೆಯಾಯಿತು. ನಿಲ್ಲಿಸುವ, ಹಿಂದಕ್ಕೆ ತಿರುಗಿಸುವ ಅನುಕೂಲ ದೊರೆತಂತೆ ಚಲನಚಿತ್ರವೂ ಪುಸ್ತಕದಂತೆ ಪುಟ ತಿರುವಿ ಪರಿಶೀಲಿಸಬಹುದಾದ ಪಠ್ಯವಾಯಿತು. ಚಿತ್ರದ ಸೂಕ್ಷ್ಮ ಅಧ್ಯಯನಕ್ಕೆ ಇದರಿಂದಾದ ಉಪಕಾರ ದೊಡ್ಡದು. ನೂರಾರು ಜನರ ನಡುವೆ ಕತ್ತಲಲ್ಲಿ ಕುಳಿತು ಅಳುವ, ನಗುವ ಸಾಮೂಹಿಕ ಅನುಭವ ಅದೇ ಪ್ರಮಾಣದಲ್ಲಿ ಕ್ಷೀಣಿಸಿತು.

ವರ್ಣೀಕರಣದ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿಯೂ, ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣದ ಆವೃತ್ತಿಗಳಾಗಿ ತೆರೆಕಂಡವು. ಹೊಸ ತಲೆಮಾರನ್ನು ಚಿತ್ರಮಂದಿರಕ್ಕೆ ಕರೆತರುವಲ್ಲಿ ಇವುಗಳ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಕಪ್ಪು-ಬಿಳುಪಿನಲ್ಲಿ ಚಿತ್ರೀಕರಿಸುವಾಗ ಛಾಯಾಗ್ರಾಹಕನು ಬೆಳಕು-ನೆರಳಿನ ತಾರತಮ್ಯದಿಂದಲೇ ಭಾವವನ್ನು ರೂಪಿಸಿರುತ್ತಾನೆ. ಬಣ್ಣ ಸೇರಿದಾಗ ಆ ತಾರತಮ್ಯದ ಲೆಕ್ಕ ಬದಲಾಗುತ್ತದೆ. ಆದ್ದರಿಂದ ವರ್ಣೀಕೃತ ಆವೃತ್ತಿಯನ್ನು ಮೂಲದ ಸ್ಥಾನದಲ್ಲಿರಿಸದೆ, ಮೂಲದ ಮೇಲಿನ ಒಂದು ವ್ಯಾಖ್ಯಾನವೆಂದು ಪರಿಗಣಿಸುವುದು ಯುಕ್ತ. ವ್ಯಾಖ್ಯಾನವಿದ್ದ ಮಾತ್ರಕ್ಕೆ ಮೂಲವನ್ನು ಕಳೆದುಕೊಳ್ಳುವ ಅಗತ್ಯವಿಲ್ಲ.

ಕಳೆದುಕೊಳ್ಳುವ ಭಯ ಕಾಲ್ಪನಿಕವಾದುದಲ್ಲ. 1934ರಲ್ಲಿ ತೆರೆಕಂಡ, ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ದ ಪ್ರತಿ ಇಂದು ಉಳಿದಿಲ್ಲ. ಆ ಚಿತ್ರವನ್ನು ಮತ್ತೆ ನೋಡುವುದಿರಲಿ, ಮೊದಲ ಬಾರಿಗೆ ನೋಡುವ ಅವಕಾಶವೂ ಮುಚ್ಚಿಹೋಗಿದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅದಕ್ಕೆ ಮುಂಚಿನ ಮೂರು ದಶಕಗಳ ಕನ್ನಡ ವಾಕ್ಚಿತ್ರಗಳು ಉಳಿದದ್ದು ಖಾಸಗಿ ಕಾಳಜಿಯಿಂದ ಇಲ್ಲವೇ ಆಕಸ್ಮಿಕದಿಂದ. ಇದಕ್ಕೆ ಪ್ರತಿಯಾಗಿ ‘ಘಟಶ್ರಾದ್ಧ’ದ ಉದಾಹರಣೆ ಭರವಸೆ ನೀಡುತ್ತದೆ. ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಹಯೋಗದಲ್ಲಿ ಪುನರುಜ್ಜೀವನಗೊಂಡ ಆ ಚಿತ್ರ 2024ರಲ್ಲಿ 81ನೆಯ ವೆನಿಸ್ ಚಲನಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶಿತವಾಯಿತು. ಮರುನೋಟಕ್ಕೆ ಪ್ರೇಕ್ಷಕನ ಮನಸ್ಸು ಎಷ್ಟು ಅಗತ್ಯವೋ ಸುರಕ್ಷಿತವಾದ ಪ್ರತಿಯೂ ಅಷ್ಟೇ ಅಗತ್ಯ.

7. ಒಂದು ಆಕ್ಷೇಪ

ಇಷ್ಟೆಲ್ಲ ಅರ್ಥವನ್ನು ಮರುನೋಟಕ್ಕೆ ಆರೋಪಿಸುವುದು ಅತಿಯಾಯಿತೆಂಬ ಆಕ್ಷೇಪ ಬರಬಹುದು. ಬಹುಪಾಲು ಪ್ರೇಕ್ಷಕರು ಹೊಸ ಅರ್ಥವನ್ನು ಅರಸಿ ಮರಳಿ ಬರುವುದಿಲ್ಲ. ಪರಿಚಿತವಾದುದರ ನೆಮ್ಮದಿಗಾಗಿ, ಮೆಚ್ಚಿನ ನಟನ ದರ್ಶನಕ್ಕಾಗಿ ಬರುತ್ತಾರೆ. ಉಪೇಂದ್ರ ನಿರ್ದೇಶನದ ‘ಓಂ’ (1995) ಚಿತ್ರದ ಪುನಃಪುನಃ ನಡೆದ ಮರುಬಿಡುಗಡೆಗಳಲ್ಲಿ ಅಭಿಮಾನದ ಪಾಲು ದೊಡ್ಡದೆಂಬುದು ನಿಜ. ರಾಜ್‌ಕುಮಾರ್ ಅವರ ಚಿತ್ರಗಳ ವಿಷಯದಲ್ಲೂ ಈ ಮಾತು ಸಲ್ಲುತ್ತದೆ.

ಈ ಆಕ್ಷೇಪದಲ್ಲಿ ಹುರುಳಿದೆಯಾದರೂ ಅದು ಪೂರ್ಣವಾದುದಲ್ಲ. ಅಭಿಮಾನ ಪ್ರೇಕ್ಷಕನನ್ನು ಚಿತ್ರಮಂದಿರದ ಬಾಗಿಲವರೆಗೆ ತರಬಹುದು. ಒಳಗೆ ನಡೆಯುವುದೆಲ್ಲವನ್ನೂ ಅಭಿಮಾನವೇ ನಿರ್ಧರಿಸುವುದಿಲ್ಲ. ದೇವರ ದರ್ಶನಕ್ಕೆಂದು ಹರಿಕಥೆಗೆ ಬಂದವನು ಕಥೆಯನ್ನೂ ಕೇಳಿಯೇ ಹೋಗುತ್ತಾನೆ. ಒಬ್ಬನೇ ನಟ ಅಭಿನಯಿಸಿದ ನೂರಾರು ಚಿತ್ರಗಳಲ್ಲಿ ಕೆಲವನ್ನು ಮಾತ್ರ ಜನ ಮತ್ತೆ ಮತ್ತೆ ಆಯ್ದುಕೊಂಡಿರುವರೆಂಬುದು ಅಭಿಮಾನಕ್ಕೂ ಮೀರಿದ ವಿವೇಚನೆ ಅಲ್ಲಿ ಕೆಲಸಮಾಡಿದೆಯೆಂಬುದನ್ನು ಸೂಚಿಸುತ್ತದೆ. ಪರಿಚಿತವಾದುದರ ನೆಮ್ಮದಿಯೂ ಅರ್ಥಶೂನ್ಯವಲ್ಲ. ನೆಮ್ಮದಿಯಲ್ಲಿರುವ ಮನಸ್ಸೇ ಕಥೆಯ ಓಟದಿಂದ ಬಿಡುಗಡೆ ಪಡೆದು ವಿವರಗಳತ್ತ ತಿರುಗುತ್ತದೆ. ಸಂಭಾಷಣೆಯೇ ಇಲ್ಲದ ‘ಪುಷ್ಪಕ ವಿಮಾನ’ (1987) ಇದಕ್ಕೆ ಒಳ್ಳೆಯ ಉದಾಹರಣೆ. ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದ ನಾಯಕ ತನ್ನ ಹಳೆಯ ವಠಾರದ ಸದ್ದನ್ನು ಧ್ವನಿಮುದ್ರಿಸಿ ತಂದು ಕೇಳುತ್ತ ಮಲಗುವ ಪ್ರಸಂಗಕ್ಕೆ ಮೊದಲ ನೋಟದಲ್ಲಿ ನಗು ಬರುತ್ತದೆ. ಮನುಷ್ಯ ತಾನು ಬಿಟ್ಟುಬಂದ ಬಡತನವನ್ನೂ ಹಾಸಿಗೆಯ ಬಳಿ ಇರಿಸಿಕೊಳ್ಳಬೇಕಾದ ವಿಷಾದ ಹೊಳೆಯುವುದು ಆ ನಗು ತಣಿದ ಮೇಲೆ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮರುನೋಟವನ್ನು ತಾಳುವ ಚಿತ್ರದ ಮೂರು ಲಕ್ಷಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಅಂತ್ಯದ ಅರಿವು ಹಿಂದಿನ ದೃಶ್ಯಗಳ ಮೇಲೆ ಹೊಸ ಬೆಳಕನ್ನು ಚೆಲ್ಲುವಂತೆ ಅದರ ಕಟ್ಟಡವಿರಬೇಕು. ‘ಕಸ್ತೂರಿ ನಿವಾಸ’ದ ಪಾರಿವಾಳ ಇದಕ್ಕೆ ನಿದರ್ಶನ. ಎರಡನೆಯದಾಗಿ, ಅದು ಪ್ರೇಕ್ಷಕನನ್ನು ತೀರ್ಪುಗಾರನ ಸ್ಥಾನದಲ್ಲಿರಿಸಿ, ಮರುಬಾರಿ ಆ ತೀರ್ಪನ್ನು ಪುನರ್ವಿಮರ್ಶಿಸುವಂತೆ ಮಾಡಬೇಕು. ‘ಬಂಗಾರದ ಮನುಷ್ಯ’ದ ಊಟದ ದೃಶ್ಯ ಈ ಬಗೆಯದು. ಮೂರನೆಯದಾಗಿ, ಒಂದೇ ಚೌಕಟ್ಟಿನಲ್ಲಿ ಒಂದಕ್ಕಿಂತ ಹೆಚ್ಚು ಜನರ ನೋವಿಗೆ ಎಡೆಯಿರಬೇಕು; ನೋಡುವವನು ವಯಸ್ಸು ಮತ್ತು ಅನುಭವಕ್ಕೆ ತಕ್ಕಂತೆ ಒಬ್ಬರ ಪಕ್ಕದಿಂದ ಇನ್ನೊಬ್ಬರ ಪಕ್ಕಕ್ಕೆ ಸರಿಯಲು ಸಾಧ್ಯವಾಗಬೇಕು. ‘ಘಟಶ್ರಾದ್ಧ’ದ ಹಿರಿಮೆ ಇರುವುದು ಇಲ್ಲಿಯೇ.

ಈ ಮೂರು ಲಕ್ಷಣಗಳಲ್ಲಿ ಯಾವುದೂ ಜನಪ್ರಿಯ ಧಾರೆಗೆ ಅಥವಾ ಕಲಾತ್ಮಕ ಧಾರೆಗೆ ಮೀಸಲಾದುದಲ್ಲವೆಂಬುದನ್ನು ಒತ್ತಿ ಹೇಳಬೇಕು. ಕನ್ನಡ ಚಲನಚಿತ್ರ ವಿಮರ್ಶೆ ದೀರ್ಘಕಾಲ ಈ ಎರಡು ಧಾರೆಗಳನ್ನು ಬೇರೆ ಬೇರೆ ಅಳತೆಗೋಲುಗಳಿಂದ ಅಳೆದಿದೆ. ಮರುನೋಟ ಎರಡಕ್ಕೂ ಸಲ್ಲುವ ಒಂದು ಸಮಾನ ಮಾನದಂಡವನ್ನು ಒದಗಿಸಬಲ್ಲದು. ಕಥೆ ತಿಳಿದ ಮೇಲೂ ಹೇಳಲು ಉಳಿದಿರುವ ಚಿತ್ರ ಯಾವ ಧಾರೆಯದಾದರೂ ಅಧ್ಯಯನಕ್ಕೆ ಅರ್ಹ.

ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನದಲ್ಲಿ ಚಲನಚಿತ್ರಕ್ಕೆ ಸ್ಥಾನ ಕಲ್ಪಿಸುವಾಗ ಈ ಅಂಶವನ್ನು ಗಮನಿಸುವುದು ಉಚಿತ. ವಿದ್ಯಾರ್ಥಿಗೆ ಹತ್ತು ಚಿತ್ರಗಳನ್ನು ಒಂದೊಂದು ಬಾರಿ ತೋರಿಸುವುದಕ್ಕಿಂತ ಎರಡು ಚಿತ್ರಗಳನ್ನು ಐದೈದು ಬಾರಿ ತೋರಿಸಿ, ಪ್ರತಿ ಬಾರಿಯೂ ತನ್ನ ಟಿಪ್ಪಣಿಯನ್ನು ತಾನೇ ತಿದ್ದಿಕೊಳ್ಳುವಂತೆ ಮಾಡಿದರೆ ಹೆಚ್ಚಿನ ಪ್ರಯೋಜನವಾದೀತು. ಕೇಶವನಂತೆ ಅರೆಬರೆ ಸಾಕ್ಷ್ಯದ ಮೇಲೆ ತೀರ್ಪು ಕೊಡುವ ಅವಸರ ಎಲ್ಲ ಕಾಲಕ್ಕೂ ಇರುವಂಥದು. ಆ ಅವಸರವನ್ನು ತಡೆದು, ಕಂಡದ್ದನ್ನು ಮತ್ತೊಮ್ಮೆ ಕಾಣುವ ತಾಳ್ಮೆಯನ್ನು ಕಲಿಸುವ ಸಾಮರ್ಥ್ಯ ಇಂಥ ಚಿತ್ರಗಳಿಗಿದೆ.